ಹುಕ್-ಅಪ್ ಇಲ್ಲದೆ ಚಳಿಗಾಲದ ಬ್ರಿಟನ್ ಸುತ್ತಿದ್ದು: ನನ್ನ ಅನುಭವ

ಡಿಸೆಂಬರ್ ತಿಂಗಳು, ಜೊತೆಗೆ ಎಪ್ಪತ್ತು ದಾಟಿದ ಅಪ್ಪ-ಅಮ್ಮ, ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿರುವ ಮೋಟರ್‌ಹೋಮ್ ಗಾಡಿಯಲ್ಲಿ, ಹುಕ್-ಅಪ್ ಅಂದರೆ ಗಾಡಿಗೆ ಕರೆಂಟ್ ಕೊಡುವ ಪ್ಲಗ್ ಇಲ್ಲದ ಜಾಗಗಳಲ್ಲೇ ಎರಡು ವಾರ. ಇದು ಆಗಲ್ಲ ಎಂದು ಹೇಳದವರೇ ಇಲ್ಲ. ಲೆಸ್ಟರ್‌ನ ನಮ್ಮ ಕನ್ನಡ ಬಳಗದಲ್ಲಿ ಮೋಟರ್‌ಹೋಮ್ ಇಟ್ಟುಕೊಂಡವರು ಕೆಲವರಿದ್ದೇವೆ. ಉಳಿದವರೆಲ್ಲ ಅಕ್ಟೋಬರ್ ಬಂತೆಂದರೆ ಗಾಡಿಗೆ ಕವರ್ ಹಾಕಿ ನಿಲ್ಲಿಸಿಬಿಡುತ್ತಾರೆ. "ಸುಮ್ನೆ ಹೋಟೆಲ್ ಬುಕ್ ಮಾಡು ಮಾರಾಯ, ದೊಡ್ಡವರಿಗೆ ಯಾಕೆ ಈ ಚಳಿ" ಎಂದರು ಒಬ್ಬರು. ಕೆಲವು ಚಳಿಗಾಲ ಒದ್ದಾಡಿದ ಮೇಲೆ ಈ ಸಲ ಎಲ್ಲವೂ ಕೂಡಿ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಫಿಯಟ್ ಡುಕಾಟೊ ವ್ಯಾನ್ ಮೇಲೆ ಕಟ್ಟಿದ ಆರು ಮೀಟರ್ ಚಿಲ್ಲರೆಯ ಹಳೇ ಗಾಡಿ. ನಾಲ್ಕು ಸೀಟ್ ಬೆಲ್ಟ್, ನಾಲ್ಕು ಹಾಸಿಗೆ. ಸುಮಾರು 27,000 ಪೌಂಡ್ ಕೊಟ್ಟೆ. ಕೊಳ್ಳುವ ಮುಂಚೆ ಮೂಲೆ ಮೂಲೆಗೂ ಗೋಡೆಯ ತೇವ ಅಳೆಯುವ ಡ್ಯಾಂಪ್ ಮೀಟರ್ ಇಟ್ಟು ನೋಡಿದೆ. ಅದಕ್ಕಿಂತ ಚಂದದ ಇನ್ನೊಂದು ಗಾಡಿಯ ಹಿಂದಿನ ಗೋಡೆ ಶೇಕಡಾ 25 ತೇವ ತೋರಿಸಿತ್ತು, ಅಷ್ಟು ಇರಬಾರದು, ಬಿಟ್ಟು ಬಂದೆ.

ಮೊದಲು ಕರೆಂಟಿನ ವಿಷಯ. ಎಲ್ಲರೂ ಸೋತಿದ್ದು ಇಲ್ಲೇ. ಗಾಡಿ ಜೊತೆ ಬಂದಿದ್ದು 110 ಆಂಪಿಯರ್-ಅವರ್‌ನ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಎಂಬ ಅಳತೆ) ಲೆಡ್ ಬ್ಯಾಟರಿ. ಅರ್ಧಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ. ಮೇಲೆ ಇನ್ನೂರು ವ್ಯಾಟ್ ಸೋಲಾರ್ ಹಾಕಿಸಿದೆ, ಕೂಲಿ ಸೇರಿ 400 ಪೌಂಡ್ ಹತ್ತಿರ ಹೋಯಿತು. ಜೂನ್‌ನಲ್ಲಿ ಅದು ರಾಜ. ಡಿಸೆಂಬರ್‌ನಲ್ಲಿ ಮೋಡ ಮುಚ್ಚಿದ ಯಾರ್ಕ್‌ಶೈರ್‌ನಲ್ಲಿ ದಿನವಿಡೀ ಐದಾರು ಆಂಪಿಯರ್-ಅವರ್ ಬಂದರೆ ಹೆಚ್ಚು. ಹೀಟರ್ ಫ್ಯಾನ್, ಪಂಪ್, ದೀಪ, ಫೋನ್ ಎಲ್ಲ ಸೇರಿ ನಮಗೆ ದಿನಕ್ಕೆ 35ರ ಆಸುಪಾಸು ಬೇಕು. ಲೆಕ್ಕ ಎಲ್ಲಿ ಕೂಡುತ್ತದೆ? ಇನ್ನೂ ಪ್ಯಾನೆಲ್ ಹಾಕು ಎಂದರು ಎಲ್ಲರೂ. ಇಲ್ಲದ ಬಿಸಿಲಿಗೆ ಎಷ್ಟು ಪ್ಯಾನೆಲ್ ಹಾಕಿದರೇನು?

ಚಳಿಗಾಲದಲ್ಲಿ ಗಾಡಿಗೆ ಊಟ ಹಾಕುವುದು ಬಿಸಿಲಲ್ಲ, ಎಂಜಿನ್. ನೂರು ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ, ಗಾಡಿ ಓಡುವಾಗ ಎಂಜಿನ್ ಕಡೆಯಿಂದ ಅದನ್ನು ತುಂಬುವ 30 ಆಂಪಿಯರ್‌ನ ಬ್ಯಾಟರಿ-ಟು-ಬ್ಯಾಟರಿ ಚಾರ್ಜರ್, ಅಷ್ಟೇ. ಎರಡೂ ಸೇರಿ 600 ಪೌಂಡ್ ಇರಬೇಕು, ವೈರಿಂಗ್ ನಾನೇ ಮಾಡಿದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು ನೋಡಿ, ಅದಕ್ಕೆ ಬ್ಯಾಟರಿಯನ್ನು ಹೊರಗಿನ ಲಾಕರ್‌ನಿಂದ ತೆಗೆದು ಪ್ಯಾಸೆಂಜರ್ ಸೀಟಿನ ಕೆಳಗೆ, ಬೆಚ್ಚಗಿರುವ ಕಡೆ ಕೂರಿಸಿದೆ. ಒಂದು ಕಡೆ ಎರಡು ರಾತ್ರಿ, ಆಮೇಲೆ ಎರಡೂವರೆ ಗಂಟೆ ಡ್ರೈವ್. ಎರಡು ರಾತ್ರಿಗೆ 70 ಆಂಪಿಯರ್-ಅವರ್ ಖರ್ಚು, ಡ್ರೈವ್‌ನಲ್ಲಿ 70-75 ವಾಪಸ್. ಹಳ್ಳಿ ರಸ್ತೆಯಲ್ಲಿ ಅಷ್ಟು ಹೊತ್ತಿಗೆ ಸುಮಾರು 80 ಮೈಲಿ ಆಗುತ್ತದೆ. ನಮ್ಮ ಇಡೀ ಪ್ರವಾಸದ ಲಯವನ್ನು ಈ ಲೆಕ್ಕವೇ ಹಾಕಿಕೊಟ್ಟಿತು. ಅಪ್ಪನಿಗೂ ಅದಕ್ಕಿಂತ ಜಾಸ್ತಿ ಕೂರಲು ಆಗುವುದಿಲ್ಲ.

ಗ್ಯಾಸ್ ಇನ್ನೊಂದು ಕಥೆ. ಮೊದಲ ಚಳಿಗಾಲ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಬೆಳಗಿನ ಜಾವ ಹೀಟಿಂಗ್ ನಿಂತುಹೋಯಿತು. ಸಿಲಿಂಡರ್ ಅರ್ಧ ತುಂಬಿದೆ, ಗ್ಯಾಸ್ ಮಾತ್ರ ಬರುತ್ತಿಲ್ಲ. ಗಾಡಿ ಜೊತೆ ಬಂದಿದ್ದು ನೀಲಿ ಸಿಲಿಂಡರಿನ ಬ್ಯೂಟೇನ್ ಗ್ಯಾಸ್. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಅದು ಆವಿಯಾಗುವುದಿಲ್ಲ. ಪ್ರೊಪೇನ್ ಎಂಬ ಇನ್ನೊಂದು ಗ್ಯಾಸಿಗೆ ಇಲ್ಲಿನ ಯಾವ ಚಳಿಯೂ ಲೆಕ್ಕಕ್ಕಿಲ್ಲ. ಸಿಲಿಂಡರ್ ಬದಲಾಯಿಸುತ್ತ ಹೋದರೆ ಆರು ಕೆಜಿಗೆ 30 ಪೌಂಡ್ ಹತ್ತಿರ ಕೇಳುತ್ತಿದ್ದರು. ನಾನು ರೀಫಿಲ್ ಮಾಡಬಹುದಾದ ಎರಡು ಸಿಲಿಂಡರ್ ಹಾಕಿಸಿಕೊಂಡೆ. ಎಲ್‌ಪಿಜಿ ಪಂಪಿನಲ್ಲಿ ಅಷ್ಟೇ ಗ್ಯಾಸ್ 12 ಪೌಂಡ್ ಒಳಗೆ ಸಿಗುತ್ತಿತ್ತು. ಪಂಪ್‌ಗಳು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿವೆ, ಆದ್ದರಿಂದ ಹೊರಡುವ ಮುಂಚೆ ಫೋನ್ ಮಾಡಿ ಕೇಳುತ್ತೇನೆ. ದಿನಕ್ಕೆ ಒಂದು ಕೆಜಿ ಇಟ್ಟುಕೊಳ್ಳಿ, ಅಡುಗೆಯೂ ಸೇರಿ. ಕುಕ್ಕರ್ ಇದ್ದರೆ ಅನ್ನ-ಬೇಳೆಗೆ ಗ್ಯಾಸ್ ಖರ್ಚೇ ಕಾಣುವುದಿಲ್ಲ. ಕುಕ್ಕರ್ ಕೂಗುವಾಗ ಮೇಲಿನ ಕಿಟಕಿ ಎರಡು ಇಂಚು ತೆಗೆದಿಡಬೇಕು. ಇಲ್ಲದಿದ್ದರೆ ಬೆಳಿಗ್ಗೆ ಹಾಸಿಗೆಯೆಲ್ಲ ಒದ್ದೆ.

ಬಾಯ್ಲರಿನ ಫ್ರಾಸ್ಟ್ ವಾಲ್ವ್ ನಮ್ಮನ್ನು ತುಂಬ ಸತಾಯಿಸಿತು. ಮೂರು ಡಿಗ್ರಿ ಹತ್ತಿರ ಬಂದರೆ, ನೀರು ಹೆಪ್ಪುಗಟ್ಟಿ ಬಾಯ್ಲರ್ ಒಡೆಯಬಾರದು ಎಂದು ತಾನೇ ನೀರು ಚೆಲ್ಲುತ್ತದೆ. ಮೊದಲು ಹೀಟಿಂಗ್ ಹಾಕಿ ಒಳಗೆಲ್ಲ ಬೆಚ್ಚಗಾದ ಮೇಲೆ ನೀರು ತುಂಬಿಸಿ, ಈ ಕ್ರಮ ತಪ್ಪಿಸಬೇಡಿ. ಅದನ್ನು ಮುಚ್ಚಿಯೇ ಇಡಲು ಜನ ಏನೇನೋ ಮಾಡುತ್ತಾರೆ. ನನ್ನ ಉಪಾಯವನ್ನು ಇಲ್ಲಿ ಹೇಳುವುದಿಲ್ಲ, ಮರೆತರೆ ಬಾಯ್ಲರೇ ಹೋಗುತ್ತದೆ.

ತೂಕ: ನನ್ನದು 1997ರ ನಂತರದ ಲೈಸೆನ್ಸ್, 3,500 ಕೆಜಿ ದಾಟುವ ಹಾಗಿಲ್ಲ. ಅಮ್ಮನ ಸಾಮಾನು ಸೇರಿಸಿ ವೇಬ್ರಿಜ್‌ಗೆ ಹೋದರೆ ಗಡಿಯ ಅಂಚಿನಲ್ಲಿತ್ತು. ಗ್ರೈಂಡರ್ ಮನೆಯಲ್ಲಿ ಉಳಿಯಿತು. ಅವತ್ತಿಂದ ಓಡಿಸುವಾಗ ಟ್ಯಾಂಕಿನಲ್ಲಿ 30-40 ಲೀಟರ್ ನೀರು ಮಾತ್ರ, ಜಾಗ ತಲುಪಿದ ಮೇಲೆ ಪೂರ್ತಿ.

ಗ್ರೈಂಡರ್ ಇಲ್ಲ ಎಂದ ಮಾತ್ರಕ್ಕೆ ಇಡ್ಲಿ ಬಿಡಲು ಆಗುತ್ತದೆಯೇ? ಮನೆಯಿಂದ ಹಿಟ್ಟು ರುಬ್ಬಿ ತಂದೆವು. ಫ್ರಿಜ್ ಮೇಲೆ ಇಟ್ಟೆವು, ಉಬ್ಬಲಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆವು, ರಾತ್ರಿಗೆ ಐಸ್ ಆಯಿತು. ಕೊನೆಗೆ ಬಾಯ್ಲರ್ ಪಕ್ಕದ ಬೀರುವಿನಲ್ಲಿ, ಬಿಸಿಗಾಳಿ ಪೈಪ್ ಹಾಯುವ ಕಡೆ ಸ್ಟೀಲ್ ಡಬ್ಬಿ ಇಟ್ಟೆ. ಬೆಳಿಗ್ಗೆ ಅಮ್ಮ ಮುಚ್ಚಳ ತೆಗೆದು, "ಬಾರೋ ಮಗಾ, ನೋಡಿಲ್ಲಿ, ಊರಲ್ಲೂ ಇಷ್ಟು ಚೆನ್ನಾಗಿ ಬರಲ್ಲ" ಎಂದರು. ಈ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಮಾತು ಅದು.

ಜಾಗದ ಮಾತು. ಬೇಸಿಗೆಯ ಬಹಳಷ್ಟು ಕ್ಯಾಂಪ್ ಸೈಟ್‌ಗಳು ನವೆಂಬರ್‌ಗೆ ಬಾಗಿಲು ಹಾಕುತ್ತವೆ. ತೆರೆದಿರುವ ದೊಡ್ಡವು ಹುಕ್-ಅಪ್ ಸೇರಿಸಿ 30 ಪೌಂಡ್‌ಗೆ ಮೇಲೆ. ನಾವು ಹೋಗಿದ್ದು ಐದೇ ಗಾಡಿ ನಿಲ್ಲಿಸುವ ರೈತರ ಜಮೀನುಗಳಿಗೆ, ಕ್ಯಾರವಾನ್ ಕ್ಲಬ್‌ಗಳ ಮೆಂಬರ್‌ಗಳಿಗೆ ಮಾತ್ರ ಇರುವ ಸಿ.ಎಲ್. (ಸರ್ಟಿಫಿಕೇಟೆಡ್ ಲೊಕೇಶನ್) ಮತ್ತು ಸಿ.ಎಸ್.ಗಳಿಗೆ (ಸರ್ಟಿಫಿಕೇಟೆಡ್ ಸೈಟ್). ರಾತ್ರಿಗೆ 12ರಿಂದ 16 ಪೌಂಡ್. ಒಂದು ನಲ್ಲಿ, ಟಾಯ್ಲೆಟ್ಟಿನ ಕ್ಯಾಸೆಟ್ ಡಬ್ಬ ಖಾಲಿ ಮಾಡುವ ಜಾಗ, ಮುಗಿಯಿತು. ಚಳಿಗಾಲದಲ್ಲಿ ಹಾರ್ಡ್‌ಸ್ಟ್ಯಾಂಡಿಂಗ್, ಅಂದರೆ ಗಾಡಿ ನಿಲ್ಲಿಸಲು ಗಟ್ಟಿ ನೆಲ, ಇದೆಯಾ ಎಂದು ಕೇಳಿಯೇ ಹೊರಡಿ. ಡುಕಾಟೊ ಮುಂದಿನ ಚಕ್ರದಿಂದ ಓಡುತ್ತದೆ, ಒದ್ದೆ ಹುಲ್ಲಿನಲ್ಲಿ ಸುತ್ತುತ್ತ ನಿಲ್ಲುತ್ತದೆ. ಯಾರ್ಕ್‌ಶೈರ್‌ನ ಹಾಸ್ ಊರಿನ ಹತ್ತಿರ ಒಬ್ಬ ರೈತರು ಟ್ರ್ಯಾಕ್ಟರ್ ತಂದು ಎಳೆದರು, ದುಡ್ಡು ಮುಟ್ಟಲಿಲ್ಲ. ಅಮ್ಮ ಕೊಟ್ಟ ಚಕ್ಕುಲಿ ಡಬ್ಬಿ ಮಾತ್ರ ತೆಗೆದುಕೊಂಡರು. ಅಲ್ಲಿನ ವೆನ್ಸ್‌ಲೀಡೇಲ್ ಕಣಿವೆಯಲ್ಲಿ ನಾವು ಪ್ರತಿ ವರ್ಷ ಹೋಗುವ ಜಮೀನಿನ ಹೆಸರು ಮಾತ್ರ ಕೇಳಬೇಡಿ. ಐದೇ ಜಾಗ ಇರುವುದು!

ದಾರಿಗೆ ಸ್ಯಾಟ್‌ನ್ಯಾವ್ ಒಂದನ್ನೇ ನಂಬುವುದಿಲ್ಲ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ನಕ್ಷೆ ಹರಡಿಕೊಂಡು ಕೂರುತ್ತೇನೆ. ರಸ್ತೆ ಮೇಲೆ ಒಂದು ಬಾಣ ಎಂದರೆ ಏಳಕ್ಕೆ ಒಂದರಿಂದ (ಏಳು ಮೀಟರ್ ಹೋದರೆ ಒಂದು ಮೀಟರ್ ಮೇಲೆ) ಐದಕ್ಕೆ ಒಂದರವರೆಗಿನ ಏರು. ಎರಡು ಬಾಣ ಎಂದರೆ ಅದಕ್ಕಿಂತ ಕಡಿದು, ಆ ಕಡೆ ನಾವಿಲ್ಲ. ನಾಲ್ಕು ಮೀಟರ್‌ಗಿಂತ ಕಿರಿದಾದ ರಸ್ತೆಗೂ ಅದರಲ್ಲಿ ಬೇರೆ ಗುರುತಿದೆ. ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ಪಾಸ್ ಮೂರಕ್ಕೆ ಒಂದು. ಮೋಟರ್‌ಹೋಮ್ ಇಟ್ಟುಕೊಂಡು ಅಲ್ಲಿ ಧೈರ್ಯ ತೋರಿಸಬೇಡಿ, ಎಸ್ಕ್‌ಡೇಲ್‌ಗೆ ಕರಾವಳಿಯ ಎ595 ಹಿಡಿದು ಸುತ್ತಿ ಬನ್ನಿ. ಹಾಸ್‌ನಿಂದ ರಿಬಲ್‌ಹೆಡ್‌ಗೆ ಹೋಗುವ ಬಿ6255 ನನ್ನ ಮೆಚ್ಚಿನ ರಸ್ತೆ. ಬಯಲಿನ ನಡುವೆ 24 ಕಮಾನಿನ ರೈಲು ಸೇತುವೆ. ಅಪ್ಪ ಕೆಳಗೆ ನಿಂತು ಕಮಾನುಗಳನ್ನು ಎರಡು ಸಲ ಎಣಿಸಿದರು.

ಕೊನೆಯ ರಾತ್ರಿಗಳು ಸ್ಕಾಟ್ಲೆಂಡಿನ ಗ್ಯಾಲೋವೇಯಲ್ಲಿ. ಅಲ್ಲಿನ ಅರಣ್ಯ 2009ರಲ್ಲಿ ಬ್ರಿಟನ್ನಿನ ಮೊದಲ ಡಾರ್ಕ್ ಸ್ಕೈ ಪಾರ್ಕ್, ಅಂದರೆ ದೀಪಗಳ ಬೆಳಕಿನ ಕಾಟವಿಲ್ಲದೆ ನಕ್ಷತ್ರ ನೋಡುವ ಜಾಗ, ಆಯಿತು. ಜೂನ್‌ನಲ್ಲಿ ನಕ್ಷತ್ರ ನೋಡಬೇಕೆಂದರೆ ನಡುರಾತ್ರಿ ತನಕ ಕಾಯಬೇಕು, ಜೊತೆಗೆ ಮಿಜ್ ಎಂಬ ಸಣ್ಣ ಹುಳಗಳ ಕಾಟ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೇ ಪೂರ್ತಿ ಕತ್ತಲೆ, ಹುಳ ಒಂದೂ ಇಲ್ಲ. ಅಪ್ಪ-ಅಮ್ಮ ಊಟದ ಮುಂಚೆಯೇ ಆಕಾಶಗಂಗೆ ನೋಡಿ ಎಂಟೂವರೆಗೆ ಮಲಗಿದರು. ದೊಡ್ಡವರನ್ನು ಕರೆದೊಯ್ಯಲು ಚಳಿಗಾಲವೇ ವಾಸಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಲೆಕ್ಕ, ನೆನಪಿರುವಷ್ಟು. ಎರಡು ವಾರಕ್ಕೆ. ಡೀಸೆಲ್ 150 ಪೌಂಡ್ ಚಿಲ್ಲರೆ, ಗ್ಯಾಲನ್‌ಗೆ 28 ಮೈಲಿ ಹತ್ತಿರ ಕೊಟ್ಟಿತು. ಜಾಗದ ಬಾಡಿಗೆ 190ರ ಸುಮಾರು, ಗ್ಯಾಸ್ 30, ದಿನಸಿ-ತರಕಾರಿ 150. ಒಟ್ಟು 500 ದಾಟಿತು, 550 ಮುಟ್ಟಲಿಲ್ಲ. ಗಾಡಿ ಇಟ್ಟುಕೊಳ್ಳುವ ವರ್ಷದ ಖರ್ಚು ಬೇರೆ: ಇನ್ಶೂರೆನ್ಸ್ 450, ರೋಡ್ ಟ್ಯಾಕ್ಸ್ 350 ಹತ್ತಿರ, ಎಂಒಟಿ (ಗಾಡಿಯ ಕಡ್ಡಾಯ ವಾರ್ಷಿಕ ತಪಾಸಣೆ) ಮತ್ತು ಹ್ಯಾಬಿಟೇಶನ್ ಚೆಕ್ (ಒಳಗಿನ ಗ್ಯಾಸ್, ಕರೆಂಟ್, ತೇವದ ತಪಾಸಣೆ) ಸೇರಿ ಇನ್ನೊಂದು 300. ಹೋಟೆಲ್ ಬುಕ್ ಮಾಡು ಎಂದ ಗೆಳೆಯರು ಹೋದ ವಾರ ಬಂದು ಚಾರ್ಜರ್ ವೈರಿಂಗ್‌ನ ಫೋಟೋ ತೆಗೆದುಕೊಂಡು ಹೋದರು. ಅವರ ಗಾಡಿಗೆ ಈ ಫೆಬ್ರವರಿಯಲ್ಲಿ ನಾನೇ ಹಾಕಿಕೊಡುತ್ತಿದ್ದೇನೆ.