ತೋಟದ ಏರಿಗೆ ಆಟೋಮ್ಯಾಟಿಕ್ ಫೋರ್ ವೀಲ್ ಡ್ರೈವ್: ನನ್ನ ಅನುಭವ

ಆಟೋಮ್ಯಾಟಿಕ್ ಗೇರಿನ ಗಾಡಿ ಇರೋದು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ, ಮಣ್ಣು ರಸ್ತೆಗೆ ಕ್ಲಚ್ಚೇ ಬೇಕು ಅಂತ ಬೆಂಗಳೂರಿನಲ್ಲಿ ತುಂಬಾ ಜನ ನನಗೆ ಹೇಳಿದರು. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟವಿದೆ. ಮಳೆಗಾಲದಲ್ಲೂ ಹೋಗಿ ಬರುತ್ತೇನೆ. ಆಟೋಮ್ಯಾಟಿಕ್ ನನಗೆ ಹೆಚ್ಚು ನೆರವಾಗಿದ್ದು ಅಲ್ಲಿನ ಜಾರುವ ಏರಿನಲ್ಲೇ.

ಗಾಡಿ ಹುಡುಕಾಟದಲ್ಲಿ ಕೊನೆಗೆ ಉಳಿದದ್ದು ಮಹೀಂದ್ರಾ ಥಾರ್ ಮತ್ತು ಮಾರುತಿ ಜಿಮ್ನಿ. ಲೋ ರೇಂಜ್ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರು) ಇಲ್ಲದ ಗಾಡಿಗಳನ್ನು ಮೊದಲೇ ಬಿಟ್ಟಿದ್ದೆ. ಥಾರ್ ನೋಡುವವರು ಒಂದು ಮಾತು ಕೇಳಿಕೊಳ್ಳಿ: 2023ರಿಂದ ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವ ಮಾದರಿಯೂ ಬಂದಿದೆ. ಹೊರಗಿನಿಂದ ವ್ಯತ್ಯಾಸ ಬೇಗ ಗೊತ್ತಾಗಲ್ಲ. ಥಾರ್ ಡೀಸೆಲ್‌ನ ಎಳೆತ ಚೆನ್ನಾಗಿದೆ, ಗೇರೂ ಆರು. ಜಿಮ್ನಿ ಆಟೋಮ್ಯಾಟಿಕ್‌ಗೆ ನಾಲ್ಕೇ ಗೇರು. ಹಾಸನದ ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಸ್ವಲ್ಪ ಮುಂಚೆಯೇ ಲೆಕ್ಕ ಹಾಕಬೇಕು. ಆದರೆ ಅದರ ಅಗಲ 1645 ಮಿ.ಮೀ. ಅಷ್ಟೆ. ಬಸವನಗುಡಿಯ ನಮ್ಮ ಕ್ರಾಸಿನಲ್ಲಿ ಎರಡೂ ಕಡೆ ಕಾರು ನಿಂತಿರುತ್ತವೆ, ತೋಟದ ದಾರಿಯೂ ಕಿರಿದು. ಜಿಮ್ನಿಯನ್ನೇ ತಗೊಂಡೆ.

ಟಾರ್ ರಸ್ತೆಯಲ್ಲಿ ಯಾವಾಗಲೂ 2ಎಚ್, ಅಂದರೆ ಹಿಂದಿನ ಚಕ್ರಗಳಿಗೆ ಮಾತ್ರ ಎಳೆತ. ಒಣ ಟಾರಿನ ಮೇಲೆ 4ಎಚ್ (ನಾಲ್ಕೂ ಚಕ್ರಕ್ಕೆ ಎಳೆತ) ಹಾಕಲೇಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಮುಂದು ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಈ ಗಾಡಿಗೆ ನಡುವೆ ಇಲ್ಲದ್ದರಿಂದ ಮುಂದು ಹಿಂದು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ಬಿಗಿ ಬಿಟ್ಟುಹೋಗುತ್ತದೆ.

ತೋಟದ ಗೇಟಿನ ಹತ್ತಿರ ನಿಲ್ಲಿಸಿ, ಬ್ರೇಕ್ ಒತ್ತಿ, ಗೇರನ್ನು ನ್ಯೂಟ್ರಲ್‌ಗೆ ತಂದು 4ಎಲ್ (ನಾಲ್ಕೂ ಚಕ್ರಕ್ಕೆ ಎಳೆತ, ಲೋ ರೇಂಜಿನಲ್ಲಿ) ಹಾಕುತ್ತೇನೆ. ಆಗ ಎಂಜಿನ್ನಿನ ಎಳೆತ ಚಕ್ರದಲ್ಲಿ ಸುಮಾರು ಎರಡು ಪಟ್ಟಾಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ. ಕ್ಲಚ್ ಗಾಡಿಯಲ್ಲಿ ಏರಿನ ಮಧ್ಯೆ ನಿಂತರೆ ಮೂರು ಪೆಡಲ್, ಎರಡು ಕಾಲು. ಇಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ಬ್ರೇಕಿನಿಂದ ಕಾಲು ನಿಧಾನ ಎತ್ತಿ ಆಕ್ಸಿಲರೇಟರ್ ಹಗುರಾಗಿ ಒತ್ತಿದರೆ ಗಾಡಿ ತೆವಳಿಕೊಂಡು ಹೊರಡುತ್ತದೆ. ಎಳೆತ ಒಮ್ಮೆಲೇ ಬರದೆ ಹದವಾಗಿ ಬರುವುದರಿಂದ ಟೈರ್ ಸುಮ್ನೆ ತಿರುಗಿ ಗುಂಡಿ ತೋಡಿಕೊಳ್ಳುವುದು ಕಡಿಮೆ. ನನಗೆ ಬೇಕಿದ್ದದ್ದು ಇದೇ.

ಇಳಿಯುವಾಗ ಮಾತ್ರ ಗೇರಿನ ಡಿ (ಮಾಮೂಲಿ ಓಡಿಸುವ ಸ್ಥಾನ) ನಂಬಬೇಡಿ. ಗೇರ್‌ಬಾಕ್ಸ್ ತಾನಾಗಿ ಮೇಲಿನ ಗೇರಿಗೆ ಹೋಗಿ ಗಾಡಿ ಓಡಲು ಶುರು ಮಾಡಬಹುದು. ಇಳಿಜಾರು ಶುರುವಾಗುವ ಮೊದಲೇ ಗೇರನ್ನು ಎಲ್‌ಗೆ (ಕೆಳಗಿನ ಗೇರು) ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಕೆಸರಿಳಿಜಾರಿನಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಗಾಡಿ ಅಡ್ಡ ಜಾರಬಹುದು.

ಇಳಿಜಾರಿನಲ್ಲಿ ನಿಲ್ಲಿಸುವಾಗಲೂ ಒಂದು ಕ್ರಮವಿದೆ. ಬ್ರೇಕ್ ಒತ್ತಿಯೇ ನ್ಯೂಟ್ರಲ್, ಆಮೇಲೆ ಹ್ಯಾಂಡ್‌ಬ್ರೇಕ್, ಬ್ರೇಕ್ ಸಡಿಲಿಸಿ ಗಾಡಿ ನಿಂತಿದೆಯಾ ನೋಡಿ. ಮತ್ತೆ ಬ್ರೇಕ್ ಒತ್ತಿ ಕೊನೆಗೆ ಪಿ (ಪಾರ್ಕಿಂಗ್). ಇಲ್ಲದಿದ್ದರೆ ಗಾಡಿಯ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ.

ಹಳೇ ಜೀಪಿನ ಬ್ಯಾಟರಿ ಸತ್ತರೆ ತೋಟದ ಆಳುಗಳು ತಳ್ಳಿ ಸ್ಟಾರ್ಟ್ ಮಾಡಿಕೊಡುತ್ತಿದ್ದರು. ಆಟೋಮ್ಯಾಟಿಕ್‌ನಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ಹಿಂದಿನ ಸೀಟಿನ ಕೆಳಗೆ ಜಂಪರ್ ಕೇಬಲ್ ಯಾವಾಗಲೂ ಇರುತ್ತದೆ, ಮಳೆಗಾಲಕ್ಕೆ ಮುಂಚೆ ಬ್ಯಾಟರಿ ತೋರಿಸಿಕೊಂಡೇ ಬೆಂಗಳೂರು ಬಿಡುತ್ತೇನೆ.