ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಕೂರಿಸಿದ್ದು: ನನ್ನ ಅನುಭವ

ಹಳೆ ಕಾರಿನ ಪೆಟ್ರೋಲ್ ಎಂಜಿನ್ನನ್ನೇ ಡೀಸೆಲ್ ಮಾಡಬಹುದಾ ಅಂತ ಹುಡುಗರು ಈಗಲೂ ಕೇಳುತ್ತಾರೆ. ಆ ಆಸೆ ಬಿಡುವುದು ಒಳ್ಳೆಯದು. ಹಳೆ ಪೆಟ್ರೋಲ್ ಎಂಜಿನ್‌ನಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ಕುಗ್ಗಿಸುವುದು, ಏಳೆಂಟು ಪಟ್ಟು ಇದ್ದರೆ ಸಾಕು, ಕಿಡಿ ಕೊಡಲು ಪ್ಲಗ್ ಇರುತ್ತದೆ. ಆ ಕಾಲದ ಕಾರಿನ ಡೀಸೆಲ್‌ನಲ್ಲಿ ಅದು ಇಪ್ಪತ್ತು ಪಟ್ಟು ದಾಟಬೇಕು. ಒತ್ತಡಕ್ಕೇ ಗಾಳಿ ಕಾದು, ಡೀಸೆಲ್ ಬಿದ್ದ ಕೂಡಲೇ ಹೊತ್ತಿಕೊಳ್ಳಬೇಕು. ಆ ಹೊಡೆತ ತಡೆಯಲು ಬ್ಲಾಕ್, ಕ್ರ್ಯಾಂಕ್, ಹೆಡ್ ಬೋಲ್ಟ್ ಎಲ್ಲವೂ ಗಟ್ಟಿ ಇರಬೇಕು. ಅಮೆರಿಕದ ಓಲ್ಡ್ಸ್‌ಮೊಬೈಲ್ 1978ರಲ್ಲಿ ತಂದ ಡೀಸೆಲ್‌ಗೆ ಬ್ಲಾಕ್ ದಪ್ಪ ಮಾಡಿಯೂ ಹೆಡ್ ಬೋಲ್ಟ್‌ಗಳ ಲೆಕ್ಕ ಪೆಟ್ರೋಲ್ ಎಂಜಿನ್ನಿನದೇ ಉಳಿಯಿತು. ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿ ಹೋಗಿ ಅದರ ಹೆಸರೇ ಕೆಟ್ಟಿತು.

ಹಾಗಾಗಿ ಕನ್ವರ್ಷನ್ ಅಂದರೆ ಒಂದು ಎಂಜಿನ್ ಇಳಿಸಿ ಇನ್ನೊಂದನ್ನು ಕೂರಿಸುವುದು. ತೊಂಬತ್ತರ ದಶಕದಲ್ಲಿ ತೀರ್ಥಹಳ್ಳಿ ಕಡೆ ನಾನು ಮಾಡಿದ್ದು 1968ರ ಮಾರ್ಕ್ 2 ಅಂಬಾಸಿಡರ್. ಆಗ ಪೆಟ್ರೋಲಿಗೂ ಡೀಸೆಲ್ಲಿಗೂ ದರದಲ್ಲಿ ತುಂಬಾ ಅಂತರ. ಸುಮಾರು ಜನ ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಹಾಕಿಸುತ್ತಿದ್ದರು. ಅದಕ್ಕೆ ಶಕ್ತಿ ಜಾಸ್ತಿ, ತೂಕವೂ ಜಾಸ್ತಿ. ನನಗೆ ಬಾಡಿ, ಚಾಸಿ ಎಲ್ಲೂ ಕತ್ತರಿಸುವುದು ಬೇಡವಾಗಿತ್ತು. ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ವಿನ್ಯಾಸದ 1489 ಸಿಸಿ ಡೀಸೆಲ್ ಎಂಜಿನ್ ಆರಿಸಿಕೊಂಡೆ. ಕಾರಿನಲ್ಲಿದ್ದ ಪೆಟ್ರೋಲ್ ಎಂಜಿನ್ನೂ 1489 ಸಿಸಿಯೇ, ಎರಡೂ ಒಂದೇ ಮನೆತನದವು. ಗೇರ್‌ಬಾಕ್ಸ್ ಬದಲಿಸದೆ ಕೂತಿತು. ಮೌಂಟಿಂಗ್ ರಬ್ಬರ್ ಮಾತ್ರ ಹೊಸದು ಹಾಕಿದೆ, ಡೀಸೆಲ್‌ನ ನಡುಕಕ್ಕೆ ಹಳೆಯದು ತಡೆಯುವುದಿಲ್ಲ.

ಎಂಜಿನ್ ಕೂರಿಸುವುದು ಸುಲಭದ ಭಾಗ. ನಿಜವಾದ ಕೆಲಸ ಇರುವುದು ಡೀಸೆಲ್ ಹರಿಯುವ ದಾರಿಯಲ್ಲಿ. ಒತ್ತಡದಲ್ಲಿ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪ್‌ಗೆ ಒಳಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದಕ್ಕೆ ಆಯಿಲ್. ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದಿದ್ದರೂ, ತುಕ್ಕಿನ ಪುಡಿ ಇದ್ದರೂ ಪಂಪಿಗೆ ಏಟು. ಟ್ಯಾಂಕ್ ಇಳಿಸಿ, ತೊಳೆದು, ಬಿಸಿಲಿಗಿಟ್ಟು ಪೂರ್ತಿ ಒಣಗಿಸಿದೆ. ನೀರು ಹಿಡಿಯುವ ಫಿಲ್ಟರ್ ಹಾಕಿದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಲ್ಲಿ ಮಿಕ್ಕ ಡೀಸೆಲ್ ಟ್ಯಾಂಕಿಗೆ ಹಿಂದಿರುಗಲು ಹೊಸದೊಂದು ಪೈಪ್ ಎಳೆದೆ. ಈ ಹಳೆ ಪೆಟ್ರೋಲ್ ಕಾರಿನಲ್ಲಿ ಅದು ಇರಲೇ ಇಲ್ಲ.

ಆಮೇಲೆ ಡೀಸೆಲ್ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವುದು. ಇದಕ್ಕೆ ತಾಳ್ಮೆ ಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಲಿವರ್ ಕೈಯಲ್ಲಿ ಒತ್ತುತ್ತಾ ಹೋಗಬೇಕು. ಮೊದಲು ಬರೀ ನೊರೆ ಬರುತ್ತದೆ. ಗುಳ್ಳೆ ಸಣ್ಣದಾಗುತ್ತಾ ಕೊನೆಗೆ ತಿಳಿ ಡೀಸೆಲ್ ಇಳಿಯುತ್ತದೆ. ಅದು ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ನಂತರ ಪಂಪಿನ ಸ್ಕ್ರೂಗಳು, ಕೊನೆಗೆ ಇಂಜೆಕ್ಟರ್ ನಟ್‌ಗಳು. ಸೆಲ್ಫ್ ಹೊಡೆದಾಗ ನಾಲ್ಕೂ ನಟ್‌ಗಳ ಬುಡದಲ್ಲಿ ಡೀಸೆಲ್ ಚಿಮ್ಮಬೇಕು. ಒಂದರಲ್ಲಿ ಗಾಳಿ ಉಳಿದರೂ ಆ ಸಿಲಿಂಡರ್ ಕೆಲಸ ಮಾಡುವುದಿಲ್ಲ.

ಕರೆಂಟಿನ ಕೆಲಸವೂ ಇದೆ. ಪ್ಲಗ್‌ಗೆ ಕಿಡಿ ಕಳಿಸುವ ಡಿಸ್ಟ್ರಿಬ್ಯೂಟರ್, ಕಾಯಿಲ್ ಬೇಡ. ಬದಲಿಗೆ ತಣ್ಣಗಿನ ಎಂಜಿನ್ ಶುರುವಾಗಲು ಕಾವು ಕೊಡುವ ಹೀಟರ್ ಪ್ಲಗ್, ದೊಡ್ಡ ಬ್ಯಾಟರಿ, ಡೈನಮೋ ಜಾಗಕ್ಕೆ ಆಲ್ಟರ್ನೇಟರ್. ಕೀ ತಿರುಗಿಸಿದರೆ ಈ ಎಂಜಿನ್ ನಿಲ್ಲುವುದಿಲ್ಲ ಅಲ್ವಾ, ಡೀಸೆಲ್ ನಿಲ್ಲಿಸಲು ಡ್ಯಾಶ್‌ಬೋರ್ಡಿನಿಂದ ಕೇಬಲ್ ಎಳೆಯಬೇಕು.

ಓಡಿಸುವಾಗ ಗುಣವೇ ಬೇರೆ. ಶಕ್ತಿ ಕಡಿಮೆಯಾಯಿತು, ಅದನ್ನು ಒಪ್ಪಿಕೊಂಡೇ ಕೈ ಹಾಕಬೇಕು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ 14 ತಿರುವುಗಳಲ್ಲಿ ಫಸ್ಟ್, ಸೆಕೆಂಡ್ ಬಿಟ್ಟರೆ ಬೇರೆ ಗೇರ್ ಇಲ್ಲ. ಆದರೆ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ನಿಲ್ಲುವ ಕಾಟ ಪೂರ್ತಿ ಹೋಯಿತು. ಮಲೆನಾಡಿನವರಿಗೆ ಅದರ ಬೆಲೆ ಗೊತ್ತು.

ಕಾಗದದ ವಿಷಯ ಸುಮ್ನೆ ಬಿಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು, ಇನ್ಶೂರೆನ್ಸ್‌ಗೂ ತಿಳಿಸಬೇಕು. ಇನ್ನೊಂದು ಮಾತು. 2021ರಲ್ಲಿ ಬಂದ ನಿಯಮದಲ್ಲಿ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಕಾರು ಮೂಲ ರೂಪದಲ್ಲೇ ಇರಬೇಕು. ಎಂಜಿನ್ ಬದಲಾಗಿದ್ದರೆ ಕಷ್ಟ. ಅದಕ್ಕೇ ಇಂದು ಯಾರಾದರೂ ಇಂಥ ಕಾರು ತಂದರೆ ಡೀಸೆಲ್ ಮಾತೇ ಬೇಡ, ಪೆಟ್ರೋಲ್ ಎಂಜಿನ್ನನ್ನೇ ರಿಪೇರಿ ಮಾಡಿಸಿ ಅನ್ನುತ್ತೇನೆ. ನಮ್ಮ ಕಾರಿನ ಮೂಲ ಎಂಜಿನ್ ನಂಬರ್ ಪ್ಲೇಟ್ ಸಮೇತ ಶೆಡ್ಡಿನಲ್ಲಿದೆ. ಸಿಲಿಂಡರ್‌ಗಳಿಗೆ ಆಯಿಲ್ ಬಿಟ್ಟು ಆಗಾಗ ಕೈಯಲ್ಲಿ ತಿರುಗಿಸುತ್ತಿರುತ್ತೇನೆ, ಜಾಮ್ ಆಗಿಲ್ಲ. ಚಾಸಿ ಎಲ್ಲೂ ಕತ್ತರಿಸದ ಕಾರಣ ವಾಪಸ್ ಕೂರಿಸಲು ಅಡ್ಡಿಯಿಲ್ಲ.