ತಮ್ಮಣ್ಣನ ಒತ್ತು ಕಾಣಿಸುವವರೆಗೆ

ಮಂಡ್ಯದ ಬೆಲ್ಲದ ಮಂಡಿಯೊಂದಕ್ಕೆ ರೈತರ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆಯುವ ಪ್ರೋಗ್ರಾಂ ಮಾಡಿಕೊಟ್ಟು ಹತ್ತಿರ ಹತ್ತಿರ ಎಂಟು ತಿಂಗಳಾಯಿತು. ಬಟನ್ನು, ಟೇಬಲ್ಲು, ಹುಡುಕುವ ಬಾಕ್ಸು, ಎಲ್ಲವೂ ಕನ್ನಡದಲ್ಲೇ. ಒಂದು ಒತ್ತಕ್ಷರವೂ ಕತ್ತರಿಸಿ ಹೋಗುವುದಿಲ್ಲ. "ಡೆಸ್ಕ್‌ಟಾಪಲ್ಲಿ ಕನ್ನಡ ಎಲ್ಲಾದ್ರೂ ಸರಿಯಾಗಿ ಕೂರುತ್ತೇನೋ, ಸುಮ್ನೆ ಬ್ರೌಸರಲ್ಲಿ ಮಾಡು" ಎಂದಿದ್ದ ಮೈಸೂರಿನ ಗೆಳೆಯರಿಬ್ಬರು ಈಗ ಕೋಡ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಮೊದಲು ಮಾಡಿದ್ದು ಟಿಕಿಂಟರಿನಲ್ಲಿ, ಅಂದರೆ ಪೈಥಾನ್ ಭಾಷೆಯ ಜೊತೆಗೇ ಬರುವ, ಬಟನ್ನು ಟೇಬಲ್ಲು ಮಾಡುವ ಸಲಕರಣೆಯಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ತಮ್ಮಣ್ಣ ಎಂದು ಬರೆದರೆ ಒತ್ತು ಕೆಳಗೆ ಇಳಿಯಲೇ ಇಲ್ಲ. ಒಂದು ಮ, ಪಕ್ಕದಲ್ಲೊಂದು ಹಲಂತ, ಮತ್ತೊಂದು ಮ, ಸಾಲಾಗಿ ನಿಂತವು. ಲೋಹಿತ್, ಗುಬ್ಬಿ, ನವಿಲು ಎಂದು ಎರಡು ದಿನ ಫಾಂಟ್ ಬದಲಾಯಿಸಿದ್ದೇ ಬಂತು. ತಪ್ಪು ಫಾಂಟಿನದ್ದಲ್ಲ. ನಾನು ಬಳಸಿದ್ದ ಟಿಕೆ (ಟಿಕಿಂಟರಿನ ಒಳಗಿರುವ ಯಂತ್ರ) ಲಿನಕ್ಸಿನಲ್ಲಿ ಅಕ್ಷರ ಕೂಡಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಹೇಗೂ ಮಂಡಿಯಲ್ಲಿರುವುದು ವಿಂಡೋಸ್ ತಾನೇ, ಅಲ್ಲಿ ಅದೇ ಕೂಡಿಸಿಕೊಳ್ಳುತ್ತದೆ ಎಂದು ಧೈರ್ಯವಾಗಿ ಹೊರಟೆ.

ಅಲ್ಲಿ ಅಕ್ಷರ ಕೂಡಿತು, ಕಾಲು ಹೋಯಿತು. ಟ್ರೀವ್ಯೂನಲ್ಲಿ (ಟಿಕಿಂಟರಿನ ಟೇಬಲ್ಲು) ಫಾಂಟ್ 16 ಮಾಡಿದ್ದೆ, ಸಾಲಿನ ಎತ್ತರ ಮಾತ್ರ ಹಳೆಯ 20 ಪಿಕ್ಸೆಲ್‌ನಲ್ಲೇ ಉಳಿದಿತ್ತು. ಲೆಕ್ಕ ಬರೆಯುವ ಅಣ್ಣ ಕನ್ನಡಕ ಏರಿಸಿ ನೋಡಿ, "ಏನಪ್ಪಾ, ನಮ್ ತಮ್ಮಣ್ಣನ್ನ ತಮಣ ಮಾಡ್ಬುಟ್ಟಿದ್ದೀಯಲ್ಲ. ಲಕ್ಷ್ಮಮ್ಮಂಗೆ ಕಾಲೇ ಇಲ್ಲ!" ಎಂದರು. ಹಮಾಲಿಗಳೆಲ್ಲ ನಕ್ಕರು. ರೋಹೈಟ್, ಅಂದರೆ ಸಾಲಿನ ಎತ್ತರ, 40 ಕೊಟ್ಟು ತೇಪೆ ಹಾಕಿದೆ. ಆಮೇಲೆ ಬಟನ್ನಿಗೆ ಹಸಿರು ಬಣ್ಣ ಕೊಡಲು ಹೋದರೆ ವಿಂಡೋಸಿನ ಥೀಮ್ ಕೇಳಲಿಲ್ಲ, ಟಿಕಿಂಟರಿನದೇ ಕ್ಲಾಮ್ ಥೀಮ್ ಹಾಕಿದರೆ ಯಜಮಾನರಿಗೆ ಅದರ ಮುಖ ಹಿಡಿಸಲಿಲ್ಲ. ಒಟ್ಟು 22 ಸಾವಿರಕ್ಕೆ ಒಪ್ಪಿಕೊಂಡಿದ್ದ ಕೆಲಸ. ಎಂಟು ಸಾವಿರ ಅಡ್ವಾನ್ಸ್ ಆಗಲೇ ಖರ್ಚಾಗಿತ್ತು. ಮೂರು ವಾರದ ಕೋಡ್ ಎತ್ತಿ ಪಕ್ಕಕ್ಕಿಟ್ಟೆ.

ಇಂಥದ್ದೇ ಇನ್ನೊಂದು ಸಲಕರಣೆ ಕ್ಯೂಟಿಗೆ ಬಂದೆ. ಮಂಡಿಯ ಕಂಪ್ಯೂಟರ್ ವಿಂಡೋಸ್ 7, ರ‍್ಯಾಮ್ 2 ಜಿಬಿ. ಕ್ಯೂಟಿ 6 ಅಲ್ಲಿ ಓಡುವುದಿಲ್ಲ, ಹಾಗಾಗಿ ಪೈಥಾನ್ 3.8, ಪೈಸೈಡ್2 (ಪೈಥಾನಿನಲ್ಲಿ ಹಳೆಯ ಕ್ಯೂಟಿ 5 ಬಳಸುವ ದಾರಿ). ಮನೆಯಲ್ಲಿ ಚೆನ್ನಾಗಿಯೇ ಕಂಡಿತು. ಮಂಡಿಗೆ ಒಯ್ದು ತೆರೆದರೆ ತಮ್ಮಣ್ಣ ಮತ್ತೆ ತಮಣ! ಆವತ್ತು ವಾಪಸ್ ರೈಲಿನಲ್ಲಿ ಕೂತು ಬೇರೆ ಏನನ್ನೂ ಯೋಚಿಸಲಿಲ್ಲ.

ಕಾರಣ ಗೊತ್ತಾಗಿದ್ದು ಪಾಂಡವಪುರ ದಾಟಿದ ಮೇಲೆ. ನಾನು ಫಾಂಟ್ ಹೆಸರು ಕೊಟ್ಟಿದ್ದು ವಿಂಡೋಸಿನ ಮಾಮೂಲಿ ಸೀಗೋ. ಅದರಲ್ಲಿ ಕನ್ನಡವೇ ಇಲ್ಲ. ಕ್ಯೂಟಿ ಎತ್ತರ ಅಳೆಯುವುದು ಸೀಗೋದಲ್ಲಿ, ಅಕ್ಷರ ತಂದು ಬರೆಯುವುದು ಬೇರೆ ಫಾಂಟಿನಿಂದ. ವಿಂಡೋಸ್ 7ರಲ್ಲಿ ನಿರ್ಮಲಾ ಫಾಂಟ್ ಇರುವುದಿಲ್ಲ, ತುಂಗಾ ಬರುತ್ತದೆ. ಅಳತೆ ಒಬ್ಬರದು, ಅಂಗಿ ಇನ್ನೊಬ್ಬರಿಗೆ.

ಹಾಗಾಗಿ ಯಾರ ಕಂಪ್ಯೂಟರಿನ ಫಾಂಟನ್ನೂ ನಂಬದೆ ನೋಟೋ ಸಾನ್ಸ್ ಕನ್ನಡ ಫೈಲನ್ನು ಪ್ರೋಗ್ರಾಮಿನ ಒಳಗೇ ಇಟ್ಟೆ. ಅದರ ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ. ಆ್ಯಡ್‌ಅಪ್ಲಿಕೇಶನ್‌ಫಾಂಟ್ (ಫಾಂಟ್ ಫೈಲ್ ಸೇರಿಸುವ ಆಜ್ಞೆ) ಕರೆಯುವ ಮುಂಚೆ ಕ್ಯೂಅಪ್ಲಿಕೇಶನ್ (ಇಡೀ ಪ್ರೋಗ್ರಾಂ ನಡೆಸುವ ಕ್ಯೂಟಿಯ ಬುಡ) ಹುಟ್ಟಿರಬೇಕು, ಇಲ್ಲದಿದ್ದರೆ ಪ್ರೋಗ್ರಾಮೇ ಬಿದ್ದುಹೋಗುತ್ತದೆ. ವಾಪಸ್ -1 ಬಂದರೆ ಫಾಂಟ್ ಲೋಡ್ ಆಗಿಲ್ಲ, ಫೈಲೇ ಸಿಕ್ಕಿಲ್ಲದಿರಬಹುದು ಎಂದು ತಿಳಿಯಿರಿ. ಪೈಇನ್‌ಸ್ಟಾಲರಿನಲ್ಲಿ (ಪೈಥಾನ್ ಕೋಡನ್ನು ನೇರ ಓಡುವ ಫೈಲಾಗಿ ಕಟ್ಟುವ ಸಲಕರಣೆ) ಒಂದೇ ಫೈಲಾಗಿ ಕಟ್ಟಿದಾಗ ನನಗೆ ಬಂದಿದ್ದು ಅದೇ. ಕಟ್ಟಿದ ಫೈಲ್ ಓಡುವಾಗ ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿಕೊಳ್ಳುತ್ತದೆ, ನನ್ನ ಕೋಡು ಹಳೆಯ ಜಾಗದಲ್ಲೇ ಹುಡುಕುತ್ತಿತ್ತು. ಇನ್ನು ಸ್ಟೈಲ್‌ಶೀಟಿನಲ್ಲಿ (ಬಣ್ಣ, ಫಾಂಟು ಬರೆದಿಡುವ ಜಾಗ) ಫಾಂಟ್ ಬರೆದಿದ್ದರೆ ಕೋಡಿನಲ್ಲಿ ಕೊಡುವ ಸೆಟ್‌ಫಾಂಟ್ ಎಷ್ಟು ಬಡಿದುಕೊಂಡರೂ ಕೇಳುವುದಿಲ್ಲ. ಒಂದು ಇಡೀ ರಾತ್ರಿ ಹೋಯಿತು ಇದಕ್ಕೆ.

ಸಾಲಿನ ಎತ್ತರಕ್ಕೆ ಇನ್ನೊಂದು ತಕರಾರು. ಫಾಂಟ್ ತಾನೇ ಹೇಳುವ ಎತ್ತರ ಜಾಸ್ತಿ. ಅದನ್ನೇ ಇಟ್ಟರೆ 1366×768 ಪರದೆಯಲ್ಲಿ ಹನ್ನೊಂದೋ ಹನ್ನೆರಡೋ ಸಾಲು. ಅಣ್ಣನಿಗೆ ಒಂದೇ ನೋಟಕ್ಕೆ ಹದಿನೈದು ಬೇಕು. ಅದಕ್ಕೇ ನನ್ನದೇ ಡೆಲಿಗೇಟ್ (ಟೇಬಲ್ಲಿನ ಸಾಲಿನ ಎತ್ತರ, ರೂಪ ತೀರ್ಮಾನಿಸುವ ಕೋಡು) ಬರೆದು, "ಕ್ಷ್ಮೀ" ಎಂಬ ಒಂದೇ ಅಕ್ಷರವನ್ನು ಅಂಟಿದಂತೆ ಅಳೆದು, ಮೇಲಿನ ಗುಡಿಸಿನಿಂದ ಎರಡನೇ ಒತ್ತಿನ ತುದಿವರೆಗೆ ಬಂದ ಅಳತೆಗೆ ಒಸಿ ಸೇರಿಸಿದೆ. ಎಷ್ಟು ಸೇರಿಸಿದೆ, ದಪ್ಪ ಅಕ್ಷರಕ್ಕೆ ಏನು ಮಾಡಿದೆ ಎಂಬುದು ನನ್ನಲ್ಲೇ ಇರಲಿ. ಹದಿನಾರು ಸಾಲು ಕೂತಿತು.

ಹುಮ್ಮಸ್ಸಿನಲ್ಲಿ ಬೇಡದ್ದನ್ನೂ ಮಾಡಿದೆ. ಅಚ್ಚು, ಬಕೆಟ್, ಕುರಿಕಾಲಚ್ಚು, ಮುದ್ದೆ ಎಂದು ಬೆಲ್ಲದ ಬಗೆಗೊಂದರಂತೆ ಬಟನ್ನು. ಪೇಂಟ್‌ಈವೆಂಟಿನಲ್ಲಿ (ಬಟನ್ನನ್ನು ಪರದೆಗೆ ಬಿಡಿಸುವ ಕೋಡು) ಆಯಾ ಬೆಲ್ಲದ ಆಕಾರವನ್ನೇ ಬಿಡಿಸಿ ಕಂದು ಬಣ್ಣ ತುಂಬಿದೆ. ಮುದ್ದೆ ಬೆಲ್ಲ ಥೇಟ್ ಆಲೂಗೆಡ್ಡೆ ಆಗಿತ್ತು. ಯಜಮಾನರ ಮೊಮ್ಮಗಳಿಗೆ ಮಾತ್ರ ತುಂಬಾ ಇಷ್ಟ, ಅದಕ್ಕೇ ತೆಗೆದಿಲ್ಲ. ಕನ್ನಡ ಅಂಕಿಯನ್ನೂ ಹಾಕಿ ನೋಡಿದೆ. ಒಂದೇ ದಿನಕ್ಕೆ ತೆಗೆಸಿದರು. ತಕ್ಕಡಿ ತೋರಿಸುವುದು ಇಂಗ್ಲಿಷ್ ಅಂಕಿ, ಅದರ ಜೊತೆಗೆ ಚಿಕ್ಕದಾಗಿ ಬರೆದರೆ ೬ ಯಾವುದು ೯ ಯಾವುದು ಎಂದು ಜಗಳ. ಪಟ್ಟಿ ಮುದ್ರಿಸುವ ಥರ್ಮಲ್ ಪ್ರಿಂಟರಿಗೆ ಕನ್ನಡ ಬರುವುದಿಲ್ಲ. ಇಡೀ ಪಟ್ಟಿಯನ್ನು 576 ಚುಕ್ಕಿ ಅಗಲದ ಚಿತ್ರವಾಗಿ ಬಿಡಿಸಿ ಕಳಿಸುತ್ತೇನೆ. ಸ್ವಲ್ಪ ನಿಧಾನ, ಆದರೆ ಲಕ್ಷ್ಮಮ್ಮನಿಗೆ ಕಾಗದದಲ್ಲೂ ಕಾಲಿದೆ.

ಹನ್ನೆರಡು ಸಾವಿರ ಬಂತು. ಉಳಿದ ಎರಡರ ಬದಲು ಎರಡು ಬಕೆಟ್ ಬೆಲ್ಲ ಕೊಟ್ಟು ಕಳಿಸಿದರು. ಓಡಾಟದ ಖರ್ಚು ಕಳೆದರೆ ಕೈಗೆ ಹದಿನೇಳು ಸಾವಿರ ಉಳಿದಿರಬಹುದು. ಪಕ್ಕದ ಮಂಡಿಯವರೂ ಈಗ ಇಂಥದ್ದೇ ಬೇಕು ಎಂದು ಫೋನ್ ಮಾಡುತ್ತಿದ್ದಾರೆ. ಅವರ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಇದೆಯಂತೆ. ರೇಟು ಹೇಳಿಲ್ಲ.